ಕೊಯಿಲ ಸೀಮೆಯ ಪರಿವರ್ತಕ ತಾರತಮ್ಯ ನಿರ್ಣಯ

ಶಾಸ್ತ್ರಗ್ರಂಥ ಅಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಆಟದ ರೈಲಿಗೆ ಕರೆಂಟು ಉಣಿಸುವ ಪೆಟ್ಟಿಗೆ, ಲೋಕದಲ್ಲಿ ಟ್ರಾನ್ಸ್‌ಫಾರ್ಮರ್ ಎಂದು ಪ್ರಸಿದ್ಧವಾದದ್ದು. ಪ್ರಯೋಜನ: ರೈಲು ಓಡುವುದು, ಮನೆ ಹೊತ್ತಿಕೊಳ್ಳದಿರುವುದು. ಸಂಬಂಧ: ಆ ಪೆಟ್ಟಿಗೆಗೂ ಗೋಡೆಯ ಪ್ಲಗ್ಗಿಗೂ ಇರುವಂಥದ್ದು; ಇದು ಹಳಸಿದರೆ ಪ್ರಯೋಜನದ ಎರಡನೆಯ ಭಾಗಕ್ಕೇ ಮೊದಲ ಪೆಟ್ಟು. ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯಾರು ಅರ್ಹರು ಎಂಬ ಪ್ರಶ್ನೆ. ಅದರಲ್ಲಿ ಸ್ವಲ್ಪ ವಿಚಾರ ಉಂಟು.

ಅಧಿಕಾರಿಯಾದವರು ಕೊಯಿಲದಲ್ಲೋ, ಆಸುಪಾಸಿನ ರಾಮಕುಂಜ, ಆಲಂಕಾರುಗಳಲ್ಲೋ ಇರಬೇಕು. ಅಡಿಕೆ ಮಾರಿದ ಮೇಲೆ ಖಾಲಿಯಾಗುವ ಒಂದು ಉಪ್ಪರಿಗೆ ಕೋಣೆ ಬೇಕು. ಮನೆಯವರಲ್ಲಿ ಒಬ್ಬರಾದರೂ ಪರದೇಶದಲ್ಲಿದ್ದು, ಊರಿಗೆ ಬರುವಾಗ ಚಾಕೊಲೇಟಿನ ಬದಲು ರೈಲಿನ ಪೆಟ್ಟಿಗೆ ಹೊತ್ತು ತಂದಿರಬೇಕು. ಯಾಕೆಂದರೆ ಪುತ್ತೂರಿನ ಫ್ಯಾನ್ಸಿ ಅಂಗಡಿಗಳಲ್ಲಿ ಹಳಿಯಿಂದ ಕರೆಂಟು ಎಳೆದುಕೊಂಡು ಓಡುವ ರೈಲು ಸಿಗುವುದಿಲ್ಲ. ಇಷ್ಟಿದ್ದವರಲ್ಲಿ ಮತ್ತೆ ಮೂರು ತರಗತಿ. "ಇದಕ್ಕೆ ಎಷ್ಟು ವೋಲ್ಟ್ ಭಾವಾ?" ಎಂದು ಕೇಳುವವರು ಮಂದಾಧಿಕಾರಿಗಳು. "ಎಷ್ಟು ಆಂಪಿಯರ್ ಎಳೀತದೆ?" ಎಂದು ಕೇಳುವವರು ಮಧ್ಯಮಾಧಿಕಾರಿಗಳು. "ಅದೆಲ್ಲ ಇರ್ಲಿ, ಈಗ ಲೈನಲ್ಲಿ ಎಷ್ಟು ಬರ್ತಾ ಉಂಟು?" ಎಂದು ಮೊದಲು ಕೇಳುವವರು ಮಾತ್ರ ಉತ್ತಮಾಧಿಕಾರಿಗಳು. ಈ ಗ್ರಂಥ ಮೊದಲ ಇಬ್ಬರನ್ನು ಮೂರನೆಯವರ ಮಟ್ಟಕ್ಕೆ ಏರಿಸುವ ಪ್ರಯತ್ನ. ಒಂದೇ ಸೂತ್ರದಲ್ಲಿ ಹೇಳುವುದಾದರೆ:

ಗೋಡೆಯನರಿದು ಪೆಟ್ಟಿಗೆಯನರಸುವುದು.

ಯಾರು ಅನಧಿಕಾರಿಗಳು ಎಂಬುದನ್ನೂ ಹೇಳಿಬಿಡಬೇಕು. ಎಂಜಿನ್ನಿನ ಹೊಟ್ಟೆಯೊಳಗೆ ಚಿಪ್ಪು ಕೂರಿಸಿ, ಹಳಿಯಲ್ಲಿ ಸದಾ ಒಂದೇ ವೋಲ್ಟೇಜು ಇಟ್ಟು, ಮೊಬೈಲಿನಿಂದ "ಓಡು, ನಿಲ್ಲು, ಸಿಳ್ಳೆ ಹಾಕು" ಎಂದು ಅಪ್ಪಣೆ ಕೊಡುವ ಡಿಜಿಟಲ್ ಪಂಥದವರಿಗೆ ಇಲ್ಲಿ ಕೆಲಸವಿಲ್ಲ. ನಮ್ಮದು ಸಂಪ್ರದಾಯಸ್ಥರ ರೈಲು: ಪೆಟ್ಟಿಗೆಯ ಗುಬ್ಬಿ ತಿರುಗಿಸಿದರೆ ಹಳಿಯಲ್ಲಿ ವೋಲ್ಟೇಜು ಏರುತ್ತದೆ, ರೈಲು ಓಡುತ್ತದೆ, ಇಳಿಸಿದರೆ ನಿಲ್ಲುತ್ತದೆ. ಒಂದು ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ಅವಿಭಕ್ತ ಕುಟುಂಬದ ಪದ್ಧತಿ.

ಕೊಯಿಲವೇ ಯಾಕೆ ಎಂಬ ಆಕ್ಷೇಪಕ್ಕೂ ಸಮಾಧಾನ ಉಂಟು. ಹೊರಗಿನವರಿಗೆ ಕೊಯಿಲ ಎಂದರೆ ಪಶುಸಂಗೋಪನಾ ಇಲಾಖೆಯ ಜಾನುವಾರು ಫಾರ್ಮು, ಅಷ್ಟೆ. ರೈಲು ಹತ್ತಬೇಕಾದರೆ ಪುತ್ತೂರಿಗೋ ಕಾಣಿಯೂರಿಗೋ ಕೋಡಿಂಬಾಳಕ್ಕೋ ಹೋಗಬೇಕು. ಅದರಲ್ಲೂ ಈ ಸೀಮೆಯ ರೈಲಿನದ್ದು ಮುನಿಸಿನ ಚರಿತ್ರೆ. 1979ರಲ್ಲಿ ಮಂಗಳೂರು ಹಾಸನದ ಮೀಟರ್ ಗೇಜ್ ಹಳಿ ಬಂತು. 1996ರಲ್ಲಿ ಬ್ರಾಡ್ ಗೇಜ್ ಮಾಡುವುದಕ್ಕೆಂದು ಘಾಟಿಯನ್ನು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಇಷ್ಟು ಕಾದ ಸೀಮೆಯವರು ಉಪ್ಪರಿಗೆಯಲ್ಲಿ ತಮ್ಮದೇ ಒಂದು ಹಳಿ ಹಾಕಿಕೊಂಡರೆ ರೈಲ್ವೆಯವರು ತಪ್ಪು ತಿಳಿಯಬಾರದು.

ಮತಭೇದ ಪ್ರಕರಣ

ಆಟದ ರೈಲಿನ ಲೋಕದಲ್ಲಿ ಮತಗಳು ಮೂರು. ಉಡುಪಿಯಿಂದ ಇಷ್ಟು ಹತ್ತಿರ ಇದ್ದುಕೊಂಡು ಅವಕ್ಕೆ ಬೇರೆ ಹೆಸರು ಹುಡುಕುವುದು ಸೋಮಾರಿತನವಾದೀತು. ಮಠದ ವಿದ್ವಾಂಸರು ಕ್ಷಮಿಸಬೇಕು.

ಮೊದಲನೆಯದು ದ್ವೈತ. ಹಳಿ ಎರಡು, ಒಂದು ಧನ, ಒಂದು ಋಣ. ಇವುಗಳ ಭೇದ ನಿತ್ಯ ಮತ್ತು ಸತ್ಯ. ಸಂಶಯ ಇದ್ದವರು ಒಂದು ಸ್ಕ್ರೂಡ್ರೈವರನ್ನು ಎರಡೂ ಹಳಿಗೆ ಅಡ್ಡ ಇಟ್ಟು ನೋಡಬಹುದು. ಭೇದ ಸತ್ಯ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಕಿಡಿಯ ರೂಪದಲ್ಲಿ ಸಿಗುತ್ತದೆ. ಬ್ರಿಟನ್ನಿನ ಹಾರ್ನ್‌ಬಿ, 1:87ರ ಅಳತೆಯ ಎಚ್‌ಓ ರೈಲುಗಳಲ್ಲಿ ಹೆಚ್ಚಿನವು, ಜಪಾನಿನ 9 ಮಿಲಿಮೀಟರ್ ಹಳಿಯ ಪುಟಾಣಿ ಎನ್ ರೈಲುಗಳು ಎಲ್ಲ ಈ ಮತದವು. ಆಹಾರ 12 ವೋಲ್ಟ್ ಡಿಸಿ. ಧನ ಋಣ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಹೋಗುತ್ತದೆ. ಈ ಮತದಲ್ಲಿ ಒಂದು ತೊಡಕೂ ಉಂಟು: ಹಳಿಯನ್ನು ಬಳಸಿ ತಂದು ಹೊರಟ ಜಾಗಕ್ಕೇ ಮರಳಿ ಸೇರಿಸಿದರೆ ಧನ ಹೋಗಿ ಋಣವನ್ನು ಮುಟ್ಟುತ್ತದೆ. ಆ ಬಳಸನ್ನು ಎರಡೂ ತುದಿಯಲ್ಲಿ ಕತ್ತರಿಸಿ ಬೇರೆ ಸ್ವಿಚ್ ಕೊಡದೆ ಗತಿ ಇಲ್ಲ.

ಎರಡನೆಯದು ವಿಶಿಷ್ಟಾದ್ವೈತ. ಇಲ್ಲಿ ಎರಡೂ ಹಳಿ ಒಂದೇ ತತ್ತ್ವ. ನಡುವೆ ಮೂರನೆಯದೊಂದು ಬಿಡಿಸಲಾಗದ ವಿಶೇಷಣವಾಗಿ ಸೇರಿಕೊಂಡಿರುತ್ತದೆ. ಅಮೆರಿಕದ ಲಯನೆಲ್ ಕಂಪನಿಯ ರೈಲಿನಲ್ಲಿ ನಡುಹಳಿ ಕಣ್ಣಿಗೆ ಕಾಣುತ್ತದೆ. ಜರ್ಮನಿಯ ಮಾರ್ಕ್ಲಿನ್ ಅದನ್ನು ಸಣ್ಣ ಸಣ್ಣ ಮೊಳೆಗಳಾಗಿ ಅಡಗಿಸಿಟ್ಟಿದೆ. ಆಹಾರ ಏಸಿ: ಮಾರ್ಕ್ಲಿನ್‌ಗೆ 16 ವೋಲ್ಟ್, ಲಯನೆಲ್‌ಗೆ 18ರ ಆಸುಪಾಸು. ಏಸಿಗೆ ಧನ ಋಣ ಇಲ್ಲವಾದ್ದರಿಂದ ದಿಕ್ಕು ಬದಲಿಸಲು ಬೇರೆ ಉಪಾಯ ಬೇಕು. ಮಾರ್ಕ್ಲಿನ್‌ನವರು ಗುಬ್ಬಿಯನ್ನು ಸೊನ್ನೆಯಿಂದಲೂ ಹಿಂದಕ್ಕೆ ಒತ್ತಿ 24 ವೋಲ್ಟಿನ ಒಂದು ಏಟು ಕೊಡುತ್ತಾರೆ. ಲಯನೆಲ್‌ನವರು ಕರೆಂಟನ್ನು ಒಂದು ಕ್ಷಣ ಕಡಿದು ಮತ್ತೆ ಕೊಡುತ್ತಾರೆ. ಈ ಎರಡನೆಯ ಉಪಾಯ ನೆನಪಿನಲ್ಲಿರಲಿ; ಋತುಭೇದ ಪ್ರಕರಣದಲ್ಲಿ ಅದರ ಫಲ ಬರುತ್ತದೆ.

ಮೂರನೆಯದು ಅದ್ವೈತ: ಹೊಟ್ಟೆಯಲ್ಲೇ ಬ್ಯಾಟರಿ, ಹೊರಗಿನ ಜಗತ್ತು ಮಿಥ್ಯೆ. ಏಪ್ರಿಲಿನಲ್ಲಿ ಪುತ್ತೂರು ಜಾತ್ರೆಯ ಗದ್ದೆಯಲ್ಲಿ ಸಿಗುವ ಪ್ಲಾಸ್ಟಿಕ್ ರೈಲುಗಳು ಈ ಪಂಗಡದವು. ಇವಕ್ಕೆ ಪರಿವರ್ತಕವೇ ಬೇಡವಾದ್ದರಿಂದ ನಮ್ಮ ಗ್ರಂಥಕ್ಕೂ ಇವು ಬೇಡ.

ಮತಾಂತರ ನಿಷಿದ್ಧ. ಡಿಸಿ ಎಂಜಿನ್ನನ್ನು ಏಸಿ ಹಳಿಯ ಮೇಲಿಟ್ಟರೆ ಅದರ ಮೋಟಾರು ಸೆಕೆಂಡಿಗೆ 50 ಸಲ ಮುಂದೆ ಹೋಗಲೋ ಹಿಂದೆ ಹೋಗಲೋ ಎಂದು ತಬ್ಬಿಬ್ಬಾಗಿ ನಿಂತಲ್ಲೇ ನಡುಗಿ ಸುಡುತ್ತದೆ. ಡಿಸಿ ಪಂಥದ ಪೆಟ್ಟಿಗೆಯನ್ನು ಟ್ರಾನ್ಸ್‌ಫಾರ್ಮರ್ ಎಂದು ಕರೆಯುವುದು ಅರ್ಧ ಸತ್ಯ. ಟ್ರಾನ್ಸ್‌ಫಾರ್ಮರಿನೊಳಗಿಂದ ಡಿಸಿ ದಾಟುವುದಿಲ್ಲ. ಒಳಗೆ ಏಸಿಯನ್ನು ಇಳಿಸುವ ಸುರುಳಿ, ಅದರ ಪಕ್ಕದಲ್ಲಿ ಏಸಿಯನ್ನು ಡಿಸಿ ಮಾಡುವ ರೆಕ್ಟಿಫಯರ್, ಎರಡೂ ಇರುತ್ತವೆ. ಕೆಲವು ಪೆಟ್ಟಿಗೆಗಳ ಬೆನ್ನಿನಲ್ಲಿ ಎರಡು ಜೋಡಿ ತಿರುಪು ಇರುವುದು ಇದೇ ಕಾರಣಕ್ಕೆ: ಒಂದರಲ್ಲಿ ಹಳಿಗೆ 12 ಡಿಸಿ, ಇನ್ನೊಂದರಲ್ಲಿ ದೀಪಕ್ಕೂ ಹಳಿ ಕವಲು ಬದಲಿಸುವ ಮೋಟಾರಿಗೂ 16 ಏಸಿ. ಹಳಿಯ ತಂತಿಯನ್ನು ಎರಡನೆಯ ಜೋಡಿಗೆ ತಿರುಪಿದವರು ಮೇಲೆ ಹೇಳಿದ ನಡುಕವನ್ನು ಕಣ್ಣಾರೆ ನೋಡಬಹುದು.

ತಾರತಮ್ಯ ಪ್ರಕರಣ

ಪರಿವರ್ತಕಗಳೆಲ್ಲ ಸಮಾನ ಎಂಬುದು ಪೂರ್ವಪಕ್ಷ. 1831ರಲ್ಲಿ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿದ. ಅಲ್ಲಿಂದ ಇಲ್ಲಿಯ ತನಕ ಎಲ್ಲವೂ ಅದೇ ತಾನೆ? ತತ್ತ್ವ ಅದೇ ಹೌದು. ಆದರೆ ಮೇಲೆ ಕೆಳಗೆ ಎಂಬುದು ಉಂಟು, ಮತ್ತು ಮೇಲಿನವನ ಮರ್ಜಿ ಕೆಳಗಿನವನಿಗೆ ಕಡ್ಡಾಯ.

ನಮ್ಮ ಸೀಮೆಯ ಪೀಳಿಗೆ ಹೀಗೆ ಇಳಿಯುತ್ತದೆ. ಪುತ್ತೂರಿನ 110 ಕೆವಿ ಸ್ಟೇಷನ್. ಅದರ ಕೆಳಗೆ 33 ಕೆವಿ. ಅದರ ಕೆಳಗೆ 11 ಕೆವಿ, ಅಂದರೆ ರಬ್ಬರ್ ತೋಟದ ನಡುವೆ ಮರದ ಗೆಲ್ಲು ತಾಗಿಸಿಕೊಂಡು ಬರುವ ಎಚ್‌ಟಿ ಲೈನು. ಅದರ ಕೆಳಗೆ ರಸ್ತೆ ಬದಿಯ ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್. 25, 63, 100 ಕೆವಿಎ ಎಂದು ಅದರಲ್ಲಿಯೂ ಅಂತಸ್ತು. ಟಿಸಿ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಅದರ ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 250ರಷ್ಟು ಹೊರಟು, ಮನೆ ಮುಟ್ಟುವಾಗ 230 ಆಗಿರಬೇಕು ಎಂಬುದು ಲೆಕ್ಕ. ಈ ಪೀಳಿಗೆಯ ಕಟ್ಟಕಡೆಯ ಮೊಮ್ಮಗ ಉಪ್ಪರಿಗೆಯಲ್ಲಿ ಕೂತ 16 ವೋಲ್ಟಿನ ಪೆಟ್ಟಿಗೆ.

ಟಿಸಿಯ ಬುಡದ ಮನೆಗೆ 250 ಬರಬಹುದು. ಲೈನಿನ ಕೊನೆಯ ಮನೆಗೆ, ಫೆಬ್ರವರಿಯಲ್ಲಿ, ತೋಟದ ಪಂಪುಗಳೆಲ್ಲ ಏಕಕಾಲಕ್ಕೆ ಎದ್ದಾಗ, 170 ಬಂದರೆ ಅದೇ ಪುಣ್ಯ. ಆಟದ ರೈಲಿನ ಪೆಟ್ಟಿಗೆಗೆ ಈ ಏರಿಳಿತವನ್ನು ಸರಿಪಡಿಸುವ ಬುದ್ಧಿ ಇಲ್ಲ. ಬಂದದ್ದನ್ನು ಅದೇ ಪ್ರಮಾಣದಲ್ಲಿ ಇಳಿಸಿ ಕೊಡುತ್ತದೆ. 230ಕ್ಕೆ 16 ಕೊಡುವ ಪೆಟ್ಟಿಗೆ 170ಕ್ಕೆ 12ಕ್ಕಿಂತ ಕಡಿಮೆ ಕೊಡುತ್ತದೆ. ಆಗ ಮಕ್ಕಳು "ಎಂಜಿನ್ ಹಾಳಾಯ್ತು" ಎಂದು ಅದನ್ನು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ನಿಜವಾಗಿಯೂ ಹಾಳಾಗುತ್ತದೆ.

ದೇಶಭೇದ ಪ್ರಕರಣ

ಪೆಟ್ಟಿಗೆಯನ್ನು ಮಗುಚಿ ಹೊಟ್ಟೆ ನೋಡುವುದು ಈ ಪ್ರಕರಣದ ಏಕೈಕ ವಿಧಿ. ಅಲ್ಲೊಂದು ತಗಡಿನ ಅಥವಾ ಕಾಗದದ ಚೀಟಿ ಇರುತ್ತದೆ. ಒಳಬರುವ ವೋಲ್ಟೇಜು, ಹರ್ಟ್ಜ್, ಹೊರಹೋಗುವ ವೋಲ್ಟೇಜು, ವ್ಯಾಟ್. ಈ ನಾಲ್ಕನ್ನು ಓದದೆ ಪ್ಲಗ್ಗಿಗೆ ಚುಚ್ಚುವವರು ಮಂದಾಧಿಕಾರಿಗಳಲ್ಲೂ ಮಂದರು.

ಅಮೆರಿಕದ ಭಾವ ತಂದದ್ದಾದರೆ 120 ವೋಲ್ಟ್, 60 ಹರ್ಟ್ಜ್. ನೇರ ನಮ್ಮ ಗೋಡೆಗೆ ಚುಚ್ಚಿದರೆ ಒಳಗಿನ ಕಬ್ಬಿಣಕ್ಕೆ ತಡೆಯಲಾಗದಷ್ಟು ಕಾಂತತ್ವ ತುಂಬಿ, ಮೊದಲು ದೊಡ್ಡದಾಗಿ ಗುಂಯ್ ಎನ್ನುತ್ತದೆ, ಆಮೇಲೆ ವಾರ್ನಿಶ್ ಸುಟ್ಟ ವಾಸನೆ, ಆಮೇಲೆ ಮೌನ. ಎಲ್ಲ ಮುಗಿಯಲು ಹೆಚ್ಚು ಹೊತ್ತು ಬೇಡ. ಪರಿಹಾರ ಸ್ಟೆಪ್‌ಡೌನ್ ಪೆಟ್ಟಿಗೆ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ಇಲ್ಲೊಂದು ಸೂಕ್ಷ್ಮ: ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಜನ್ನು 60 ಮಾಡುವುದಿಲ್ಲ. 60ಕ್ಕೆ ಹುಟ್ಟಿದ ಕಬ್ಬಿಣಕ್ಕೆ 50ರಲ್ಲಿ ಅದೇ 120 ಕೊಟ್ಟರೆ ಐದನೆಯ ಒಂದರಷ್ಟು ಹೆಚ್ಚು ಕಾಂತತ್ವ ಹೊರಬೇಕಾಗುತ್ತದೆ, ಬಿಸಿಯಾಗುತ್ತದೆ. ಆದ್ದರಿಂದ 120 ಕೊಡುವ ಸ್ಟೆಪ್‌ಡೌನಿಗಿಂತ 110 ಕೊಡುವುದು ಮೇಲು. ಇನ್ನೊಂದು ಸೂಕ್ಷ್ಮ: ಅಗ್ಗದ ಸ್ಟೆಪ್‌ಡೌನುಗಳಲ್ಲಿ ಸುರುಳಿ ಒಂದೇ, ನಡುವಿನಿಂದ ತಂತಿ ಎಳೆದಿರುತ್ತಾರೆ. ಆ ಜಾತಿಯದ್ದು ಗೋಡೆಯ ಕರೆಂಟಿಗೂ ಹೊರತಂತಿಗೂ ನಡುವೆ ಗೋಡೆ ಕಟ್ಟುವುದಿಲ್ಲ. ಅದರ ಮುಂದೆ ರೈಲಿನದ್ದೇ ಪೆಟ್ಟಿಗೆ ಇರುವುದರಿಂದ ಬಚಾವು. "ಹೇಗೂ ಇಳಿಸ್ತದಲ್ಲ" ಎಂದು ಆ ಜಾತಿಯದ್ದರಿಂದಲೇ ನೇರ ಹಳಿಗೆ ತಂತಿ ಎಳೆಯುವ ಯೋಚನೆ ಕನಸಿನಲ್ಲೂ ಬರಬಾರದು.

ಜರ್ಮನಿಯ ಮಗಳು ತಂದದ್ದಾದರೆ ಸುಖ. 230, 50, ನಮ್ಮದೇ ಗೋತ್ರ. ಆದರೆ ಹಳೆಯ ಮಾರ್ಕ್ಲಿನ್ ಪೆಟ್ಟಿಗೆಯಲ್ಲಿ 220 ಎಂದಿರುತ್ತದೆ. ಅದನ್ನು ಟಿಸಿಯ ಬುಡದ ಮನೆಯ 250ಕ್ಕೆ ಹಾಕಿದರೆ ದಿಕ್ಕು ಬದಲಿಸುವ 24ರ ಏಟು 27ರ ಮೇಲೆ ಹೋಗುತ್ತದೆ. ಹಳೆಯ ಎಂಜಿನ್ ಅದನ್ನು ತಡೆದುಕೊಂಡೀತು, ಎಲೆಕ್ಟ್ರಾನಿಕ್ಸ್ ಇರುವ ಹೊಸದು ತಡೆಯಲಿಕ್ಕಿಲ್ಲ. ಪಾಶ್ಚಾತ್ಯರು ಇದನ್ನು ಬಲ್ಲರು, ಹಳೆಯ ಪೆಟ್ಟಿಗೆ ಹೊಸ ಎಂಜಿನ್ನಿಗೆ ಬೇಡ ಎನ್ನುತ್ತಾರೆ. ಜಪಾನಿನದ್ದು 100 ವೋಲ್ಟ್, ಅದಕ್ಕೆ ಬೇರೆಯೇ ಸ್ಟೆಪ್‌ಡೌನ್ ಬೇಕು.

ಗಲ್ಫ್ ಎಂಬುದು ಒಂದು ದೇಶವಲ್ಲವಾದ್ದರಿಂದ ಒಂದು ವರ್ಗವೂ ಅಲ್ಲ. ದುಬೈಯದ್ದು 50 ಹರ್ಟ್ಜ್, ಬ್ರಿಟನ್ನಿನ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗು. ಪ್ಲಗ್ಗು ಬದಲಿಸಿದರೆ ಸಾಕು. ಸೌದಿಯಲ್ಲಿ ಬಹುಕಾಲ 127 ವೋಲ್ಟ್ ಇತ್ತು, 60 ಹರ್ಟ್ಜ್ ಈಗಲೂ ಉಂಟು. ಹತ್ತಿರದ ಆತೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಆ ಕಾಲದ ಸೌದಿ ಸಾಮಾನು ಕೂತಿರುವುದು ಸುಮ್ಮನೆ ಅಲ್ಲ.

ಶಕ್ತಿ ನಿರ್ಣಯ ಪ್ರಕರಣ

ಇದು ಗ್ರಂಥದ ಗರ್ಭ. ವೋಲ್ಟೇಜು ರೈಲಿನ ಜಾತಿಯಿಂದ ನಿಶ್ಚಯವಾಗುವಂಥದ್ದು, ಅದರಲ್ಲಿ ಆಯ್ಕೆ ಇಲ್ಲ. ಆಯ್ಕೆ ಇರುವುದು ಆಂಪಿಯರಿನಲ್ಲಿ. ಮಂದಾಧಿಕಾರಿಗಳು "12 ವೋಲ್ಟ್ ಉಂಟಲ್ಲ, ಸಾಕಲ್ಲ" ಎನ್ನುತ್ತಾರೆ. ಇದು ಇಂಚಿನ ಲೆಕ್ಕ ಹೇಳಿ ಎಚ್‌ಪಿ ಕೇಳದೆ ಪಂಪು ತಂದಂತೆ.

ಪುಟಾಣಿ ಎನ್ ಎಂಜಿನ್ ಕಾಲು ಆಂಪಿಯರಿನಲ್ಲಿ ಸಂತುಷ್ಟ. ಈಗಿನ ಎಚ್‌ಓ ಎಂಜಿನ್ ಅರ್ಧದೊಳಗೆ ಸುಧಾರಿಸಿಕೊಳ್ಳುತ್ತದೆ. ಹಳೆಯ ಮೋಟಾರಿನದ್ದು ಒಂದರ ತನಕ ಎಳೆಯುತ್ತದೆ. ಲಯನೆಲ್‌ನ ದೊಡ್ಡ ಎಂಜಿನ್ ಎರಡು ಮೂರು ಆಂಪಿಯರ್ ಕುಡಿಯುವ ಪ್ರಾಣಿ. ಅದರ ಡಬ್ಬಿಗಳಲ್ಲಿ ಹಳೆಯ ಬಲ್ಬು ಇದ್ದರೆ ಅವೂ ಪಾಲು ಕೇಳುತ್ತವೆ. ರಾತ್ರಿ ಚಂದ ಕಾಣುತ್ತದೆ ಎಂದು ಐದಾರು ದೀಪದ ಡಬ್ಬಿ ಜೋಡಿಸಿದವರು ಇನ್ನೊಂದು ಎಂಜಿನ್ ಸಾಕಿದಂತೆ.

ಲೆಕ್ಕ ಹಾಕುವ ಕ್ರಮ ಸುಲಭ. ಎಚ್‌ಓ ರೈಲು, ಅರ್ಧ ಆಂಪಿಯರಿನ ಎಂಜಿನ್ ಎರಡು: ಒಂದು ಆಂಪಿಯರ್, 12 ವೋಲ್ಟಿಗೆ 12 ವ್ಯಾಟ್. ದೀಪಕ್ಕೆ ನಾಲ್ಕೈದು ಸೇರಿಸಿ, ಮೇಲೆ ಕಾಲುಭಾಗ ಸೇರಿಸಿದರೆ 20 ವ್ಯಾಟಿನ ಪೆಟ್ಟಿಗೆ ಧಾರಾಳ. ಅದೇ ಲಯನೆಲ್ ಆದರೆ ಮೂರು ಆಂಪಿಯರಿನ ಎಂಜಿನ್ ಎರಡು, 18 ವೋಲ್ಟ್: 108. ದೀಪ, ಕಾಲುಭಾಗ ಎಲ್ಲ ಸೇರಿ 150ಕ್ಕೆ ಕಡಿಮೆ ನೋಡಬೇಡಿ. ಇಲ್ಲಿ ಎರಡನೆಯ ಸೂತ್ರ:

ಬರೆದುದರಲ್ಲಿ ಮುಕ್ಕಾಲನೆ ನಂಬುವುದು.

ಇದು ವ್ಯಂಗ್ಯ ಅಲ್ಲ. ಲಯನೆಲ್ ಕಂಪನಿಯ ಪ್ರಸಿದ್ಧ ಝಡ್‌ಡಬ್ಲ್ಯು ಎಂಬ ಪೆಟ್ಟಿಗೆಯ ಮೈಮೇಲೆ 275 ವ್ಯಾಟ್ ಎಂದು ಬರೆದಿದೆ. ಅದು ಗೋಡೆಯಿಂದ ಎಳೆಯುವ ಲೆಕ್ಕ. ಹಳಿಗೆ ಸಿಗುವುದು ಸುಮಾರು 180. ಹಳೆಯ ಅಮೆರಿಕನ್ ಪೆಟ್ಟಿಗೆಗಳಿಗೆ ಇದೇ ರೂಢಿ. ಅವುಗಳಿಗೆ ಮುಕ್ಕಾಲೂ ಹೆಚ್ಚಾಯಿತು. ಮೂರನೆಯ ಎರಡು ಪಾಲು ನಂಬಿದರೆ ಸಾಕು.

ಏರುಹಾದಿ ಇದ್ದರೆ ಲೆಕ್ಕ ಬೇರೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಹೋಗುವ ನಿಜವಾದ ಘಾಟಿಯ ಏರು 50ಕ್ಕೆ 1, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್. ಅಷ್ಟಕ್ಕೇ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವ ನೆಟ್ಟಣದಲ್ಲಿ ಭಾರದ ರೈಲುಗಳಿಗೆ ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್ ಕಟ್ಟುತ್ತಾರೆ. ಉಪ್ಪರಿಗೆಯಲ್ಲಿ ಒಂದು ಹಳಿಯ ಮೇಲಿಂದ ಇನ್ನೊಂದನ್ನು ದಾಟಿಸಲು ಎಚ್‌ಓ ಅಳತೆಯಲ್ಲಿ ಏಳೂವರೆ ಸೆಂಟಿಮೀಟರಿನಷ್ಟು ಎತ್ತರ ಬೇಕು. 50ಕ್ಕೆ 1ರ ಏರಿನಲ್ಲಿ ಅದಕ್ಕೆ ಮೂರು ಮುಕ್ಕಾಲು ಮೀಟರ್ ಉದ್ದ ಬೇಕಾಗುತ್ತದೆ; ಇಳಿಯಲು ಮತ್ತೆ ಅಷ್ಟೇ. ಕೋಣೆಯಲ್ಲಿ ಅಷ್ಟು ಜಾಗ ಇಲ್ಲವೆಂದು 25ಕ್ಕೆ 1 ಮಾಡುತ್ತಾರೆ. ಅಂದರೆ ನಮ್ಮ ಘಾಟಿಯಲ್ಲಿ ರೈಲ್ವೆ ಇಲಾಖೆ ಧೈರ್ಯ ಮಾಡದ ಕೆಲಸಕ್ಕೆ ಕೈಹಾಕಿ, ಎಂಜಿನ್ ಹೆಚ್ಚು ಆಂಪಿಯರ್ ಎಳೆದಾಗ ಪೆಟ್ಟಿಗೆಯನ್ನು ಬೈಯುತ್ತಾರೆ. ಬ್ಯಾಂಕರಿನ ಪದ್ಧತಿ ಅನುಸರಿಸಿ ಹಿಂದಕ್ಕೊಂದು ಎಂಜಿನ್ ಇಡುವವರು ಅದರ ಅರ್ಧ ಆಂಪಿಯರನ್ನೂ ಸೇರಿಸಿಯೇ ಪೆಟ್ಟಿಗೆ ಆರಿಸಬೇಕು.

ತಂತಿಯ ಮಾತು. ಪೆಟ್ಟಿಗೆಯಿಂದ ಹಳಿಯ ದೂರದ ತುದಿಗೆ ಹತ್ತು ಮೀಟರ್ ಆದರೆ ಕರೆಂಟು ಹೋಗಿ ಬರುವ ದಾರಿ ಇಪ್ಪತ್ತು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಮೂರು ಆಂಪಿಯರ್ ಹರಿದರೆ ಅಷ್ಟು ದಾರಿಯಲ್ಲಿ ಒಂದು ವೋಲ್ಟಿಗೂ ಸ್ವಲ್ಪ ಹೆಚ್ಚು ಸೋರಿಹೋಗುತ್ತದೆ. ಕಾಲಿಂಗ್ ಬೆಲ್ಲಿನ ಸಪೂರ ವಯರಾದರೆ ಎಷ್ಟೆಂದು ಹೇಳಬೇಕಾಗಿಲ್ಲ. ಹಳಿಯ ಜೋಡುಗಳನ್ನು ನಂಬದೆ ಅಲ್ಲಲ್ಲಿ ತಂತಿ ಇಳಿಸಿ ಹಳಿಗೆ ಬೆಸುಗೆ ಹಾಕುವುದು ಶಿಷ್ಟಾಚಾರ. ದೊಡ್ಡ ಪೆಟ್ಟಿಗೆ ತಂದು ಸಪೂರ ವಯರು ಎಳೆಯುವವರು ನಮ್ಮಲ್ಲಿ ತೋಟದಿಂದ ಉಪ್ಪರಿಗೆಯ ತನಕ ಎಲ್ಲ ಕಡೆ ಇದ್ದಾರೆ.

ಹೆಚ್ಚು ಶಕ್ತಿಯ ಪೆಟ್ಟಿಗೆ ಎಂಜಿನ್ನನ್ನು ಸುಡುವುದಿಲ್ಲವೇ? ಸುಡುವುದಿಲ್ಲ, ಎಂಜಿನ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಸುಡುವುದು ರೈಲು ಹಳಿ ತಪ್ಪಿ ಚಕ್ರ ಅಡ್ಡಬಿದ್ದಾಗ. ಆಗ ಪೆಟ್ಟಿಗೆ ತನ್ನಲ್ಲಿರುವುದನ್ನೆಲ್ಲ ಆ ಜಾಗಕ್ಕೆ ಸುರಿಯುತ್ತದೆ, ಪೆಟ್ಟಿಗೆ ದೊಡ್ಡದಾದಷ್ಟೂ ಹೆಚ್ಚು. ಬ್ರೇಕರ್ ತಡವಾಗಿ ಬೀಳುವಂಥದ್ದಾದರೆ ಅಷ್ಟರಲ್ಲಿ ಸಪೂರ ತಂತಿ ಕೆಂಪಾಗಿರುತ್ತದೆ. 12 ವೋಲ್ಟಿನ ರೈಲಿಗೆ ಇದರ ಅಗ್ಗದ ಪರಿಹಾರ ಉಪ್ಪಿನಂಗಡಿಯ ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ: ಕಾರಿನ ಬ್ರೇಕ್ ಲೈಟಿನ 21 ವ್ಯಾಟಿನ ಬಲ್ಬು. ಅದನ್ನು ಹಳಿಯ ಒಂದು ತಂತಿಯಲ್ಲಿ ಸಾಲಾಗಿ ಜೋಡಿಸಿದರೆ ರೈಲು ಓಡುವಾಗ ಅದು ಉರಿದೂ ಉರಿಯದಂತೆ ಇರುತ್ತದೆ. ಶಾರ್ಟ್ ಆದ ಕೂಡಲೇ ಝಗ್ಗೆಂದು ಉರಿದು, ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಎಲ್ಲಿ ಹಳಿ ತಪ್ಪಿದೆ ಎಂದು ಹುಡುಕಲು ಬೆಳಕೂ ಆಯಿತು.

ಋತುಭೇದ ಪ್ರಕರಣ

ಬೇರೆ ದೇಶದ ಗ್ರಂಥಗಳಲ್ಲಿ ಈ ಪ್ರಕರಣ ಇಲ್ಲ. ಅಲ್ಲಿ ಕರೆಂಟಿಗೆ ಋತು ಇಲ್ಲ.

ಜನವರಿಯಿಂದ ಮೇ ತನಕ ಕ್ಷಾಮಕಾಲ. ಅಡಿಕೆಗೆ ನೀರು, ರೈಲಿಗೆ ಬರ. ಪಂಪು ನಿಂತ ಹೊತ್ತಿನಲ್ಲಿ, ಅಂದರೆ ರಾತ್ರಿ ಊಟವಾದ ಮೇಲೆ, ರೈಲು ಬಿಡುವುದು ಒಂದು ಕ್ರಮ. ಸ್ಟೆಬಿಲೈಸರ್ ಹಾಕುವುದು ಇನ್ನೊಂದು, ಫ್ರಿಜ್ಜಿನದ್ದೇ ಸಾಕು. ಆದರೆ ಅದು ಟಕ್ ಎಂದು ಒಂದು ಮೆಟ್ಟಿಲು ಏರಿದಾಗ ರೈಲೂ ಟಕ್ ಎಂದು ಹಾರುತ್ತದೆ.

ಏಪ್ರಿಲ್, ಮೇ ಸಿಡಿಲಿನ ಕಾಲ. ಇಲ್ಲಿ ವರ್ಗೀಕರಣ ಬೇಡ, ವಿಧಿ ಒಂದೇ: ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಎಚ್‌ಟಿ ಲೈನನ್ನು ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಮೂರು ಮಿಲಿಮೀಟರ್ ದೊಡ್ಡ ಕಂದಕವಲ್ಲ.

ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುತ್ತದೆ. ಮರದ ಗೆಲ್ಲು ಲೈನಿಗೆ ತಾಗಿದಾಗ ಒಂದು ಸೆಕೆಂಡು ಹೋಗಿ ಮತ್ತೆ ಬರುತ್ತದೆ. ಆಗ ಯಾವ ಮತದ ರೈಲು ಏನು ಮಾಡುತ್ತದೆ ಎಂಬುದು ನೋಡತಕ್ಕದ್ದು. ದ್ವೈತದ ರೈಲು ನಿಲ್ಲುತ್ತದೆ, ಕರೆಂಟು ಬಂದಾಗ ಬಿಟ್ಟಲ್ಲಿಂದ ಅದೇ ದಿಕ್ಕಿಗೆ ಹೊರಡುತ್ತದೆ. ಲಯನೆಲ್‌ನ ಕಥೆ ಬೇರೆ. ಕರೆಂಟು ಕಡಿಯುವುದೇ ಅದಕ್ಕೆ ದಿಕ್ಕು ಬದಲಿಸುವ ಸಂಜ್ಞೆ ಎಂದು ಹಿಂದೆ ಹೇಳಿತ್ತಲ್ಲ? ಅದರ ಹೊಟ್ಟೆಯಲ್ಲಿ ಸುರುಳಿ ಎಳೆದಾಗ ಒಂದೊಂದು ಹಲ್ಲು ತಿರುಗುವ ಉರುಳೆ ಇದೆ. ಮುಂದೆ, ತಟಸ್ಥ, ಹಿಂದೆ, ತಟಸ್ಥ, ಮತ್ತೆ ಮುಂದೆ ಎಂಬುದು ಅದರ ಕ್ರಮ. ಒಂದು ಸಲ ಕರೆಂಟು ಹಾರಿ ಬಂದರೆ ರೈಲು ಗುಂಯ್ ಎನ್ನುತ್ತಾ ನಿಂತಲ್ಲೇ ನಿಲ್ಲುತ್ತದೆ. ಎರಡನೆಯ ಸಲ ಹಾರಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡುತ್ತದೆ. ಗಾಳಿಮಳೆ ಜೋರಾದ ಸಂಜೆ ಇದನ್ನು ಬಿಟ್ಟರೆ, ಗೆಲ್ಲು ಎಷ್ಟು ಸಲ ತಾಗಿತು ಎಂಬುದನ್ನು ರೈಲು ನಿಂತ ಜಾಗ ನೋಡಿ ಹೇಳಬಹುದು. ಎಂಜಿನ್ನಿನ ಮೇಲಿರುವ ಸಣ್ಣ ಕಡ್ಡಿಯನ್ನು ಸರಿಸಿದರೆ ಉರುಳೆ ತಿರುಗುವುದು ನಿಲ್ಲುತ್ತದೆ. ಮಳೆಗಾಲದಲ್ಲಿ ಸರಿಸಿಯೇ ಇಡುವುದು ಲೇಸು.

ನ್ಯೂಟ್ರಲ್ ತುಂಡಾದಾಗ ಮನೆಗೆ 230ರ ಬದಲು ಮುನ್ನೂರು ಚಿಲ್ಲರೆ ನುಗ್ಗುವುದುಂಟು. ಟಿವಿ, ಫ್ರಿಜ್ಜಿನ ಸಾಲಿನಲ್ಲಿ ರೈಲಿನ ಪೆಟ್ಟಿಗೆಯೂ ಅಂದು ಹೋಗುತ್ತದೆ. ಬೇರೆ ಉಪಾಯ ಇಲ್ಲ, ಆಡಿದ ಮೇಲೆ ಪ್ಲಗ್ಗು ಕಿತ್ತಿಡಬೇಕು. ಹಳೆಯ ತಗಡಿನ ಹಳಿ ಆಟಿ ತಿಂಗಳು ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ಕರೆಂಟಿಗೆ ಅಡ್ಡ ನಿಲ್ಲುವುದನ್ನೂ ಇಲ್ಲೇ ಹೇಳಿಬಿಡಬಹುದು. ಆ ದೋಷ ಹಳಿಯದ್ದು, ಪೆಟ್ಟಿಗೆಗೆ ಹೊರಿಸಬಾರದು.

ಪಾಷಂಡ ಖಂಡನ ಪ್ರಕರಣ

ಫ್ಯಾನ್ ರೆಗ್ಯುಲೇಟರ್ ಸಾಲದೇ ಎಂಬುದು ಮೊದಲ ಪಾಷಂಡ ಮತ. ಪೆಟ್ಟಿಗೆಯ ಮೊದಲು ಗೋಡೆಯ ರೆಗ್ಯುಲೇಟರನ್ನು ಕಟ್ಟಿ ವೇಗ ನಿಯಂತ್ರಿಸುತ್ತೇವೆ ಎನ್ನುತ್ತಾರೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಏಸಿಯ ಅಲೆಯನ್ನು ಕತ್ತರಿಸಿ ಕೊಡುತ್ತದೆ. ಎರಡು ಪಕ್ಕವೂ ಸಮನಾಗಿ ಕತ್ತರಿಸದಿದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದೇ ಕಡೆಗೆ ಕಾಂತವಾಗಿ ಬಿಸಿಯೇರುತ್ತದೆ. ಬೇಡ.

ರೇಡಿಯೋ ರಿಪೇರಿಯವರ 12-0-12 ಟ್ರಾನ್ಸ್‌ಫಾರ್ಮರ್ ಎರಡನೆಯದು. ಇದನ್ನು ಪೂರ್ತಿ ಪಾಷಂಡ ಎನ್ನಲು ಮನಸ್ಸಿಲ್ಲ. ಎರಡು ಆಂಪಿಯರಿನದ್ದು ತಂದು, ಎರಡು ಡಯೋಡ್ ಕಟ್ಟಿ, ಫ್ಯೂಸ್ ಹಾಕಿ, ವೇಗದ ಗುಬ್ಬಿ ಕೂರಿಸಿ, ಡಬ್ಬಿಯಲ್ಲಿ ಮುಚ್ಚಿದರೆ ಪೇಟೆಯ ಪೆಟ್ಟಿಗೆಗೆ ಸಮ. ಆದರೆ "ಒಂದು ಕಂಡೆನ್ಸರ್ ಹಾಕುವಾ ಅಣ್ಣಾ, ಕರೆಂಟು ನಯ ಆಗ್ತದೆ" ಎಂದು ರಿಪೇರಿಯವರು ಹೇಳಿದಾಗ ಒಪ್ಪುವ ಮೊದಲು ಲೆಕ್ಕ ಹಾಕಬೇಕು. 12ರ ಏಸಿ ಕಂಡೆನ್ಸರ್ ಸೇರಿದ ಮೇಲೆ ಹಗುರ ಭಾರಕ್ಕೆ 15ರ ಮೇಲೆ ಹೋಗುತ್ತದೆ. ಪುಟಾಣಿ ಎನ್ ಎಂಜಿನ್ನಿಗೆ ಅದು ಅತಿಯಾಯಿತು.

ಮೂರನೆಯದು ಎಲ್‌ಇಡಿ ಪಟ್ಟಿಯ ಪವರ್ ಸಪ್ಲೈ. ಮದುವೆಗೆ, ಕೋಲಕ್ಕೆ, ಜಾತ್ರೆಗೆ ದೀಪ ಕಟ್ಟುವವರ ಬಳಿ ಇರುವ ತೂತುತಗಡಿನ 12 ವೋಲ್ಟಿನ ಡಬ್ಬಿ. ಒಳಗೆ ದೊಡ್ಡ ಕಬ್ಬಿಣ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ಸ್. ಸಂಪ್ರದಾಯಸ್ಥರಿಗೆ ಇದು ಸೇರುವುದಿಲ್ಲ, ನನಗೂ ಸೇರುವುದಿಲ್ಲ: ತೂಕ ಇಲ್ಲ, ಗುಂಯ್ ಇಲ್ಲ. ಆದರೆ ಸತ್ಯ ಹೇಳಬೇಕು. ಈ ಜಾತಿಯಲ್ಲಿ 100ರಿಂದ 240 ಎಂದು ಬರೆದದ್ದನ್ನು ತಂದು, ಅದರ ಮುಂದೆ ವೇಗದ ಗುಬ್ಬಿ ಕಟ್ಟಿದರೆ, ಫೆಬ್ರವರಿಯ 170ರಲ್ಲೂ ಹಳಿಗೆ ಸರಿಯಾಗಿ 12 ಬರುತ್ತದೆ. ಲೈನಿನ ಕೊನೆಯ ಮನೆಯ ದ್ವೈತಿಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಏಸಿ ಪಂಥದವರಿಗೆ ಇದರಿಂದ ಉಪಯೋಗವಿಲ್ಲ. ಅವರು ಕಬ್ಬಿಣವನ್ನೇ ನಂಬಿ, ಸ್ಟೆಬಿಲೈಸರ್ ಕೊಳ್ಳಬೇಕು. ಸ್ಟೆಬಿಲೈಸರಿನ ಬದಲು ಚೌಕ ಅಲೆಯ ಅಗ್ಗದ ಇನ್ವರ್ಟರಿಗೆ ಕಬ್ಬಿಣದ ಪೆಟ್ಟಿಗೆ ಹಾಕಿದರೆ ಅದು ಕಿವಿ ಕೊರೆಯುವ ಹಾಗೆ ಕೂಗುತ್ತದೆ, ಬಿಸಿಯೂ ಆಗುತ್ತದೆ.

ವಿಪರೀತ ಪ್ರಕರಣ

ಇಲ್ಲಿ ತಮಾಷೆ ಬಿಡಬೇಕು. ಟ್ರಾನ್ಸ್‌ಫಾರ್ಮರಿಗೆ ಮೇಲೆ ಕೆಳಗೆ ಎಂಬ ಭೇದ ನಾವು ಹೇಳಿದ್ದು, ಅದಕ್ಕೆ ಗೊತ್ತಿಲ್ಲ. 230 ಕೊಟ್ಟರೆ 16 ಕೊಡುವ ಪೆಟ್ಟಿಗೆ, ಹಿಂದಿನಿಂದ 16 ಕೊಟ್ಟರೆ ಮುಂದೆ 230ರ ಹತ್ತಿರ ಕೊಡುತ್ತದೆ. ಏಸಿ ರೈಲಿಗೆ ಒಂದು ಸಾಲದೆಂದು ಎರಡು ಪೆಟ್ಟಿಗೆಗಳನ್ನು ಒಂದೇ ಹಳಿಗೆ ಜೋಡಿಸುವವರಿದ್ದಾರೆ. ಆಗ ಒಂದರ ಪ್ಲಗ್ಗು ಕಿತ್ತು ನೆಲದ ಮೇಲಿಟ್ಟರೆ, ಗೋಡೆಯಲ್ಲಿರುವ ಇನ್ನೊಂದು ಹಳಿಯ ಮೂಲಕ ಅದಕ್ಕೆ ಹಿಂದಿನಿಂದ ಉಣಿಸಿ, ನೆಲದ ಮೇಲಿನ ಪ್ಲಗ್ಗಿನ ಕಡ್ಡಿಗಳಲ್ಲಿ ಮನೆಯ ಕರೆಂಟಿನಷ್ಟೇ ವೋಲ್ಟೇಜು ನಿಂತಿರುತ್ತದೆ. ಮಗು ಮುಟ್ಟುವುದು ಅದನ್ನೇ. ಎರಡು ಪೆಟ್ಟಿಗೆ ಬೇಕೇ ಬೇಕಾದರೆ ಹಳಿಯನ್ನು ಎರಡು ಪಾಲು ಮಾಡಿ, ನಡುಹಳಿಯನ್ನು ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಕೊಡಬೇಕು. ಎರಡನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ, ಕಿತ್ತರೆ ಒಟ್ಟಿಗೆ ಕೀಳಬೇಕು. ಗಡಿ ದಾಟುವ ಜಾಗದಲ್ಲಿ ಎರಡೂ ಪೆಟ್ಟಿಗೆ ಹೊಂದಿಕೊಂಡಿವೆಯೇ ಎಂದು ತಿಳಿಯಲು, ಇವೆರಡರ ನಡುಹಳಿಯ ತಿರುಪುಗಳ ನಡುವೆ ಒಂದು ಬಲ್ಬು ಹಿಡಿದು ನೋಡುವುದು. ಉರಿಯದಿದ್ದರೆ ಹೊಂದಿಕೆ, ಝಗ್ಗೆಂದರೆ ಒಂದು ಪೆಟ್ಟಿಗೆಯ ಎರಡು ತಂತಿ ಅದಲುಬದಲು ಮಾಡಬೇಕು.

ಇದೇ ತತ್ತ್ವ ರಸ್ತೆ ಬದಿಯ ಟಿಸಿಗೂ ಅನ್ವಯ. ಕರೆಂಟು ಹೋದಾಗ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವಯರಿಂಗಿಗೆ ಚುಚ್ಚುವವರು ಟಿಸಿಗೆ ಹಿಂದಿನಿಂದ 230 ಉಣಿಸುತ್ತಾರೆ. ಅದು ನಿಷ್ಠೆಯಿಂದ ಸಾವಿರಗಟ್ಟಲೆ ವೋಲ್ಟ್ ಮಾಡಿ ಎಚ್‌ಟಿ ಲೈನಿಗೆ ಕಳಿಸುತ್ತದೆ. ಲೈನ್ ಆಫ್ ಇದೆ ಎಂದು ನಂಬಿ ಲೈನ್‌ಮ್ಯಾನ್ ಅಷ್ಟರಲ್ಲಿ ಕಂಬದ ಮೇಲೆ ಇರುತ್ತಾನೆ.

ಶೇಷ

ಹಳೆಯ ಪೆಟ್ಟಿಗೆ ಕೊಳ್ಳುವಾಗ ಮಾಡಬೇಕಾದ ಪರೀಕ್ಷೆಗಳಲ್ಲಿ ಮೂಗಿನದ್ದು ಮೊದಲು: ಗಾಳಿಗಿಂಡಿಯ ಹತ್ತಿರ ಮೂಸಿದಾಗ ಸುಟ್ಟ ವಾರ್ನಿಶ್ ಬಂದರೆ ಕೆಳಗಿಡಬಹುದು. ಎರಡನೆಯದು ವಯರು; ಬಗ್ಗಿಸಿದಾಗ ರಬ್ಬರ್ ಬಿರುಕು ಬಿಟ್ಟರೆ ಬದಲಿಸದೆ ಪ್ಲಗ್ಗಿಗೆ ಹಾಕಬಾರದು. ಮೂರನೆಯದು, ಭಾರ ಇಲ್ಲದೆ ಅರ್ಧ ಗಂಟೆ ಗೋಡೆಗೆ ಹಾಕಿ ಬಿಡುವುದು. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಒಳಗಿನ ಸುರುಳಿಯಲ್ಲಿ ಕೆಲವು ಸುತ್ತು ಒಂದಕ್ಕೊಂದು ತಾಗಿವೆ.

ನಾಲ್ಕನೆಯದು ತೂಕ. ಇದರಲ್ಲಿ ನಮ್ಮ ಕಡೆ ಗುಜರಿಯವರನ್ನು ಮೀರಿಸಿದ ವಿದ್ವಾಂಸರಿಲ್ಲ. ಒಂದೇ ಅಳತೆಯ ಎರಡು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ, ಇದರೊಳಗೆ ತಾಮ್ರ, ಅದರೊಳಗೆ ಅಲ್ಯೂಮಿನಿಯಂ ಎಂದು ಬಿಚ್ಚದೆಯೇ ಹೇಳಿ ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಅವರು ಹೆಚ್ಚು ಬೆಲೆ ಕೊಡಲು ಒಪ್ಪುವ ಪೆಟ್ಟಿಗೆಯನ್ನು ಅವರಿಗೆ ಕೊಡಬೇಡಿ, ರೈಲಿಗೆ ಇಟ್ಟುಕೊಳ್ಳಿ.